ನಿಂದೆಲ್ಲಾ ಅತಿ

ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ 51 ಕಾರ್ಡ್‌ಗಳಿವೆ. ವಾರಕ್ಕೆ ಒಂದು. ಒಂದೊಂದರಲ್ಲೂ ಏಳು ಸಾಲು, ದಿನಕ್ಕೊಂದು ಸಾಲು. ಸಿಟ್ಟು, ದುಃಖ, ಭಯ, ನಾಚಿಕೆ, ಖುಷಿ, ಹೀಗೆ ಒಂದೊಂದು ಭಾವನೆಯ ಕೆಳಗೆ 0ಯಿಂದ 5ರವರೆಗೆ ಒಂದು ಅಂಕಿ ಹಾಕಬೇಕು. ನನಗೆ ನಾನೇ ನೋವು ಮಾಡಿಕೊಳ್ಳಬೇಕು ಅನ್ನಿಸಿತಾ, ಅನ್ನಿಸಿದ್ದರೆ ಎಷ್ಟು ಜೋರಾಗಿ, ಹಾಗೆ ಮಾಡಿಕೊಂಡೆನಾ ಎಂಬುದಕ್ಕೂ ಒಂದೊಂದು ಕಾಲಂ ಇದೆ. ಕೊನೆಯಲ್ಲಿ, ಕಲಿತದ್ದರಲ್ಲಿ ಆ ದಿನ ಏನನ್ನು ಬಳಸಿದೆ ಎಂದು ಗುರುತು ಹಾಕಬೇಕು. ಇದಕ್ಕೆ ಡೈರಿ ಕಾರ್ಡ್ ಅಂತಾರೆ.

ಮೊದಲ ವಾರದ ಕಾರ್ಡ್‌ನಲ್ಲಿ ಖುಷಿಯ ಕಾಲಂ ಬಿಟ್ಟರೆ ಎಲ್ಲ ಕಡೆ 5. ಗುರುವಾರದ ಸಾಲಿನಲ್ಲಿ ಪೆನ್ನು ಒತ್ತಿ ಕಾಗದವೇ ತೂತಾಗಿದೆ.

ಹೋದ ವಾರ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಅವಳ ಮಗಳಿಗೆ ಈಗ 17. ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಮಾಡಿಸಿ ಎಂದು ಡಾಕ್ಟರು ಹೇಳಿದ್ದಾರಂತೆ. “ಏನು ಕಣೇ ಅದು? ಸುಮ್ನೆ ಕೂತು ಮಾತಾಡೋದಾ? ಮಾತಾಡಿದ್ರೆ ಇವಳ ಸಂಕಟ ಇಳಿಯುತ್ತಾ?” ಎಂದು ಕೇಳಿದಳು. ಅರ್ಧ ಗಂಟೆ ಮಾತಾಡಿದರೂ ನನಗೆ ಸರಿಯಾಗಿ ಹೇಳೋಕೆ ಆಗಲಿಲ್ಲ. ಫೋನ್ ಇಟ್ಟ ಮೇಲೆ ಡ್ರಾಯರ್ ತೆಗೆದು, ನನ್ನದೇ ಡಿಬಿಟಿ ದಿನಗಳ ಆ ಕಾರ್ಡ್‌ಗಳನ್ನು ನೆಲದ ಮೇಲೆ ಸಾಲಾಗಿ ಹರಡಿದೆ. ಅವಳಿಗೆ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕವಳಿದ್ದಾಗಿನಿಂದ ನಾನು ಜಾಸ್ತಿ ಕೇಳಿದ ಮಾತು “ನಿಂದೆಲ್ಲಾ ಅತಿ”. ಅತ್ತರೂ ಅತಿ, ನಕ್ಕರೂ ಅತಿ. ಇಷ್ಟದ ಪೆನ್ಸಿಲ್ ಕಳೆದುಹೋದರೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಯಾರಾದರೂ ಸ್ವಲ್ಪ ದನಿ ಏರಿಸಿದರೆ ಸಂಜೆಯವರೆಗೂ ಎದೆ ಡವಡವ ಅನ್ನುತ್ತಿತ್ತು. “ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?” ಎಂದು ಅಮ್ಮ ಕೇಳುತ್ತಿದ್ದಳು. ನಾನು ಅಳುತ್ತಿದ್ದೆನಲ್ಲ. ಹಾಗಾದರೆ ನನ್ನಲ್ಲೇ ಏನೋ ಐಬಿದೆ ಅಂದುಕೊಂಡೆ. ಮೆಲ್ಲಗೆ ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ, ಕಿರುಚಿ ಅತ್ತರೆ ಎಲ್ಲರೂ ಓಡಿ ಬರುತ್ತಾರೆ ಎಂಬುದನ್ನೂ ಆ ವಯಸ್ಸಿನಲ್ಲೇ, ನನಗೇ ಗೊತ್ತಾಗದ ಹಾಗೆ, ಕಲಿತುಬಿಟ್ಟಿದ್ದೆ.

ನನ್ನ ಥೆರಪಿಸ್ಟ್ ಮೇಡಂ ಮೊದಲ ತಿಂಗಳಲ್ಲಿ ಒಂದು ಹಾಳೆಯ ಮೇಲೆ ಎರಡು ಗುಡ್ಡ ಬರೆದು ತೋರಿಸಿದರು. ಒಂದು ಸಣ್ಣ ದಿಣ್ಣೆ, ಹತ್ತಿದಷ್ಟೇ ಬೇಗ ಇಳಿಯುತ್ತದೆ. ಇನ್ನೊಂದು ನೆಟ್ಟಗೆ ಮೇಲೆ ಹೋಗಿ, ನಿಧಾನಕ್ಕೆ, ತುಂಬಾ ನಿಧಾನಕ್ಕೆ ಇಳಿಯುತ್ತದೆ. ಇಳಿಯುವ ಮೊದಲೇ ಮತ್ತೊಂದು ಗುಡ್ಡ ಶುರುವಾಗುತ್ತದೆ. ಕೆಲವರು ಹುಟ್ಟಿನಿಂದಲೇ ಹೀಗಿರುತ್ತಾರಂತೆ. ಬೇಗ ತಾಕುತ್ತದೆ, ಜೋರಾಗಿ ತಾಕುತ್ತದೆ, ತಣ್ಣಗಾಗಲು ಬಹಳ ಹೊತ್ತು ಬೇಕು. ಅಂಥ ಮಗುವಿಗೆ ಸುತ್ತಲಿನವರು “ಏನೂ ಆಗಿಲ್ಲ, ಸುಮ್ನಿರು” ಅನ್ನುತ್ತಲೇ ಇದ್ದರೆ, ಒಳಗೆ ಆಗುತ್ತಿರುವುದಕ್ಕೆ ಹೆಸರಿಡುವುದನ್ನೇ ಅದು ಕಲಿಯುವುದಿಲ್ಲ. ಇಳಿಸಿಕೊಳ್ಳುವುದು ಹೇಗೆ ಎಂದೂ ಕಲಿಯುವುದಿಲ್ಲ. ಮಗು ಜೋರಾದಷ್ಟೂ ಮನೆಯವರು ಸುಸ್ತಾಗುತ್ತಾರೆ. ಮನೆಯವರು ಗದರಿದಷ್ಟೂ ಮಗು ಜೋರಾಗುತ್ತದೆ. ಈ ವಿವರಣೆಯಲ್ಲಿ ಅಮ್ಮ ಕೆಟ್ಟವಳಾಗಲಿಲ್ಲ, ನಾನೂ ಐಬಿನವಳಾಗಲಿಲ್ಲ. ಆ ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಅದಕ್ಕಿಂತ ಮೊದಲು, ಮೊದಲನೇ ಸೆಷನ್‌ನಲ್ಲಿ ಒಂದು ಮಾತು ನಡೆದಿತ್ತು. ನಾನು ನನಗೆ ಮಾಡಿಕೊಂಡಿದ್ದ ಎಲ್ಲವನ್ನೂ, ಬೇರೆಯವರಿಗೆ ಆಡಿದ್ದ ಎಲ್ಲ ಮಾತನ್ನೂ ಹೇಳಿದ್ದೆ. ಮೇಡಂ ಕೇಳಿಸಿಕೊಂಡು, “ಅಷ್ಟು ನೋವಿದ್ದಾಗ ಹಾಗೆ ಮಾಡಿದ್ರಿ ಅನ್ನೋದು ನನಗೆ ಅರ್ಥ ಆಗುತ್ತೆ” ಅಂದರು. ನಾನು ‘ಆದರೆ’ಗೆ ಕಾಯುತ್ತಾ ಕೂತೆ. ಯಾವಾಗಲೂ ಒಂದು ‘ಆದರೆ’ ಬರುತ್ತದಲ್ಲ. “ನಿನ್ನ ಕಷ್ಟ ಅರ್ಥ ಆಗುತ್ತೆ, ಆದರೆ...” ಆ ‘ಆದರೆ’ ಬಂದ ತಕ್ಷಣ ಮೊದಲಿನ ಅರ್ಧ ಅಳಿಸಿಹೋಗುತ್ತದೆ. ಮೇಡಂ ‘ಆದರೆ’ ಅನ್ನಲಿಲ್ಲ. “ನೀವು ನಿಮ್ಮ ಕೈಲಾದಷ್ಟು ಮಾಡ್ತಾ ಇದ್ದೀರಿ ಅನ್ನೋದೂ ನಿಜ. ಇನ್ನೂ ಚೆನ್ನಾಗಿ ಮಾಡೋದನ್ನ ಕಲೀಬೇಕು ಅನ್ನೋದೂ ನಿಜ” ಅಂದರು.

ಅನ್ನೋದೂ, ಅನ್ನೋದೂ. ಕನ್ನಡದ ಈ ಪುಟ್ಟ ‘ಊ’ ನನ್ನ ಪಾಲಿಗೆ ಇಡೀ ಡಿಬಿಟಿ. ಎರಡು ನಿಜಗಳು, ಒಂದರ ಪಕ್ಕ ಇನ್ನೊಂದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ವಿರುದ್ಧ ಅನ್ನಿಸುವ ಎರಡನ್ನು ಹೀಗೆ ಒಟ್ಟಿಗೆ ಹಿಡಿದುಕೊಳ್ಳುವುದಕ್ಕೇ ಡಯಲೆಕ್ಟಿಕಲ್ ಎಂಬ ಹೆಸರು ಬಂದಿದೆ.

ಈ ಥೆರಪಿಯನ್ನು ಕಟ್ಟಿದವರು ಮಾರ್ಷಾ ಲಿನೆಹಾನ್. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಸಾಯಲು ಮತ್ತೆ ಮತ್ತೆ ಪ್ರಯತ್ನಿಸಿದ್ದ ಹೆಂಗಸರಿಗೆ ಚಿಕಿತ್ಸೆ ಕೊಡಲು ಅವರು ಹೊರಟಿದ್ದರು. ಮೊದಮೊದಲು ನಡವಳಿಕೆಯನ್ನು ಬದಲಾಯಿಸುವ ವಿಧಾನಗಳನ್ನಷ್ಟೇ ಬಳಸಿದರು. ಬಂದವರಿಗೆ ಅದು ‘ತಪ್ಪೆಲ್ಲ ನಿನ್ನದೇ’ ಎಂದ ಹಾಗೆ ಕೇಳಿಸಿತು. ಸರಿ, ಬದಲಾವಣೆಯ ಮಾತು ಬಿಟ್ಟು ಬರೀ ಒಪ್ಪಿಕೊಳ್ಳುವ ದಾರಿ ಹಿಡಿದರು. ಆಗ ‘ನನ್ನ ನರಕ ಹೀಗೇ ಇರುತ್ತೆ, ಇವರು ಕೈಕಟ್ಟಿ ಕೂತಿದ್ದಾರೆ’ ಅನ್ನಿಸಿತು. ಎರಡನ್ನೂ ಒಂದೇ ಸೆಷನ್‌ನಲ್ಲಿ ಹಿಡಿದಾಗಲೇ ಜನ ಉಳಿದುಕೊಂಡದ್ದು. ಒಪ್ಪಿಕೊಳ್ಳುವ ಭಾಗವನ್ನು ಅವರು ತಮ್ಮ ಝೆನ್ ಎಂಬ ಬೌದ್ಧ ಧ್ಯಾನದ ಅಭ್ಯಾಸದಿಂದ ತಂದರು. 1991ರಲ್ಲಿ ಇದರ ಮೊದಲ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಭಾವನೆಗಳೂ ಸಂಬಂಧಗಳೂ ಪದೇ ಪದೇ ಏರುಪೇರಾಗುವ ಮಾನಸಿಕ ತೊಂದರೆ ಇದ್ದ ಹೆಂಗಸರಲ್ಲಿ ತಮಗೆ ತಾವೇ ನೋವು ಮಾಡಿಕೊಳ್ಳುವುದು ಕಡಿಮೆಯಾಗಿತ್ತು, ಆಸ್ಪತ್ರೆಯಲ್ಲಿ ಕಳೆಯುವ ದಿನಗಳೂ ಕಡಿಮೆಯಾಗಿದ್ದವು. 2006ರ ಇನ್ನೊಂದು ಅಧ್ಯಯನದಲ್ಲಿ, ಬೇರೆ ಅನುಭವಿ ಥೆರಪಿಸ್ಟ್‌ಗಳ ಹತ್ತಿರ ಹೋದವರಿಗೆ ಹೋಲಿಸಿದರೆ ಡಿಬಿಟಿಗೆ ಬಂದವರಲ್ಲಿ ಆತ್ಮಹತ್ಯೆಯ ಪ್ರಯತ್ನ ಅರ್ಧದಷ್ಟಿತ್ತು. ಬಾರ್ಡರ್‌ಲೈನ್ ಇರುವವರಿಗೇ ಆಗಬೇಕು ಅಂತೇನಿಲ್ಲ. ಭಾವನೆಯ ಹೊಡೆತಕ್ಕೆ ಸಿಕ್ಕು ಮಾಡಬಾರದ್ದನ್ನು ಮಾಡಿಬಿಡುವ ಬೇರೆಯವರಿಗೂ ಈಗ ಇದನ್ನು ಬಳಸುತ್ತಾರೆ.

ಇನ್ನು ಆ ಶನಿವಾರದ ಕಥೆ. ಆರು ವರ್ಷದ ಹಿಂದಿನದು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಡಿಬಿಟಿ ಏನು ಮಾಡುತ್ತದೆ ಎಂದು ನನಗೆ ಮೊದಲ ಸಲ ಕಣ್ಣಿಗೆ ಕಂಡದ್ದು ಇದರಲ್ಲಿ.

ಸಂಜೆ ಐದಕ್ಕೆ ಗೆಳತಿ ಬರುವವಳಿದ್ದಳು. 5.10ಕ್ಕೆ ಮೆಸೇಜ್ ಬಂತು. “ಸಾರಿ ಕಣೇ, ಇವತ್ತು ಆಗಲ್ಲ.” ಏಳು ಗಂಟೆಯೊಳಗೆ ನಾನು ಅವಳಿಗೆ 23 ಮೆಸೇಜ್ ಕಳಿಸಿದ್ದೆ. ಮೊದಲನೆಯದು “ಪರವಾಗಿಲ್ಲ”. ಕೊನೆಯದು “ಇನ್ಮೇಲೆ ನಿನ್ನ ಮುಖ ನೋಡಲ್ಲ”. ಆಮೇಲೆ ಬ್ಲಾಕ್ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಸಿಟ್ಟು ಇಳಿದು, ಅದರ ಜಾಗಕ್ಕೆ ನಾಚಿಕೆ ಬಂತು. ನನಗೆ ನಾಚಿಕೆ ಸಿಟ್ಟಿಗಿಂತ ಅಪಾಯ. ನನಗೆ ನೋವು ಮಾಡಿಕೊಂಡದ್ದೆಲ್ಲ ನಾಚಿಕೆಯ ರಾತ್ರಿಗಳಲ್ಲೇ. ಅವತ್ತೂ ಹಾಗೇ ಆಯಿತು.

ಮುಂದಿನ ಸೆಷನ್‌ನಲ್ಲಿ ಮೇಡಂ ಕಾರ್ಡ್ ನೋಡಿದರು, ಶನಿವಾರದ ಸಾಲಿನ ಮೇಲೆ ಬೆರಳಿಟ್ಟರು. ಬೈಯಲಿಲ್ಲ, ಅಯ್ಯೋ ಎಂದೂ ಅನ್ನಲಿಲ್ಲ. “ಐದು ಗಂಟೆಯಿಂದ ಶುರು ಮಾಡೋಣ. ಒಂದೊಂದೇ ಕೊಂಡಿ” ಅಂದರು. ಇದನ್ನು ಚೈನ್ ಅನಾಲಿಸಿಸ್ ಅಂತಾರೆ. ಏನಾಯಿತು, ಆಗ ಮೈಯಲ್ಲಿ ಏನಾಯಿತು, ಯಾವ ಯೋಚನೆ ಬಂತು, ಏನು ಮಾಡಿದೆ, ಅದರ ನಂತರ ಏನಾಯಿತು ಎಂದು ಸರಪಳಿಯ ಹಾಗೆ ಬಿಡಿಸುತ್ತಾ ಹೋಗುವುದು. ಐವತ್ತು ನಿಮಿಷ ಅದೇ ನಡೆಯಿತು. ಬಹಳ ಬೇಸರದ ಕೆಲಸ. ಎರಡು ಸಲ “ಬೇರೆ ಮಾತಾಡೋಣ” ಅಂದೆ. ಮೇಡಂ ಬಿಡಲಿಲ್ಲ.

ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ರಿ? ಮೂರು. ಮಧ್ಯಾಹ್ನ ಏನು ತಿಂದ್ರಿ? ಏನೂ ಇಲ್ಲ. ಸರಿ, ಅದನ್ನೂ ಬರೆದುಕೊಂಡರು. ನಿದ್ದೆ, ಊಟ, ಮೈಯ ಕಾಯಿಲೆ, ವ್ಯಾಯಾಮ ಇವನ್ನು ಡಿಬಿಟಿಯಲ್ಲಿ ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಖಾಲಿ ಹೊಟ್ಟೆಯಲ್ಲಿ, ನಿದ್ದೆಗೆಟ್ಟ ಕಣ್ಣಲ್ಲಿ ಬಂದ ಮೆಸೇಜ್ ಬೇರೆಯೇ ತೂಕದ್ದಾಗಿರುತ್ತದೆ. 5.10ಕ್ಕೆ ಮೆಸೇಜ್. 5.11ಕ್ಕೆ ಎದೆ ಬಿಗಿಯಿತು, ಕೈ ತಣ್ಣಗಾಯಿತು. ಯೋಚನೆ, ‘ನಾನು ಅವಳಿಗೆ ಬೇಡ’. 5.15ಕ್ಕೆ “ಪರವಾಗಿಲ್ಲ” ಎಂದು ಕಳಿಸಿದೆ. ಅಲ್ಲಿಂದ 5.40ರವರೆಗೆ ಏನು ಮಾಡಿದಿರಿ ಎಂದು ಮೇಡಂ ಕೇಳಿದರು. ನೆನಪಿಲ್ಲ ಅಂದೆ. ಅವರು ಕಾದರು. ಆಮೇಲೆ ನೆನಪಾಯಿತು. ಹಳೆಯ ಮೆಸೇಜ್‌ಗಳನ್ನು ಓದುತ್ತಾ ಕೂತಿದ್ದೆ. ಎರಡು ವರ್ಷದ ಹಿಂದಿನವರೆಗೂ ಹೋಗಿ, ಅವಳು ಬರಲ್ಲ ಅಂದದ್ದು, ಲೇಟಾಗಿ ಉತ್ತರ ಕೊಟ್ಟದ್ದು, ಒಂದೇ ಪದದಲ್ಲಿ ಮುಗಿಸಿದ್ದು, ಇವನ್ನೆಲ್ಲ ಹೆಕ್ಕುತ್ತಿದ್ದೆ. ಅವಳು ನನ್ನ ಕಷ್ಟದಲ್ಲಿ ಇಡೀ ರಾತ್ರಿ ಮಾತಾಡಿದ್ದ ಮೆಸೇಜ್‌ಗಳೂ ಅಲ್ಲೇ ಇದ್ದವು. ಅವುಗಳನ್ನು ದಾಟಿಕೊಂಡು ಹೋಗಿದ್ದೆ.

“ಇಲ್ಲಿ” ಎಂದು ಮೇಡಂ ಆ ಕೊಂಡಿಯ ಸುತ್ತ ಒಂದು ಗೆರೆ ಎಳೆದರು.

ಸಿಟ್ಟು ಬಂದಾಗ ನಾನು ಸಾಕ್ಷಿ ಹುಡುಕುತ್ತೇನೆ. ಸಿಕ್ಕ ಪ್ರತಿ ಸಾಕ್ಷಿಯೂ ಸಿಟ್ಟಿಗೆ ಇನ್ನೊಂದು ಕೊಳ್ಳಿ. ಭಾವನೆ ತನ್ನನ್ನು ತಾನೇ ಉರಿಸಿಕೊಳ್ಳುತ್ತದೆ, ನಾನು ಸೌದೆ ಒಡ್ಡುತ್ತೇನೆ. ಇದು ನನಗೆ ಮೂವತ್ತೇಳು ವರ್ಷ ಗೊತ್ತಿರಲಿಲ್ಲ. ಸಿಟ್ಟು ಬಿರುಗಾಳಿಯ ಹಾಗೆ, ಎಲ್ಲಿಂದಲೋ ಬಂದು ಹೊತ್ತುಕೊಂಡು ಹೋಗುತ್ತದೆ ಅಂದುಕೊಂಡಿದ್ದೆ. ಅದರಲ್ಲಿ ಕೊಂಡಿಗಳಿದ್ದವು. ಆ ದಿನದ 23 ಮೆಸೇಜ್‌ಗಳನ್ನು ತಡೆಯುವುದು ಏಳು ಗಂಟೆಗೆ ನನ್ನಿಂದ ಆಗುತ್ತಿರಲಿಲ್ಲ, ನಿಜ. 5.15ಕ್ಕೆ ಫೋನ್ ಬದಿಗಿಡುವುದು ಆಗುತ್ತಿತ್ತು.

ಫೋನ್ ಬದಿಗಿಟ್ಟು ಏನು ಮಾಡಬೇಕು? ಅದಕ್ಕೆ ಉತ್ತರ ಗ್ರೂಪಿನಲ್ಲಿ ಸಿಕ್ಕಿತು. ಡಿಬಿಟಿಯಲ್ಲಿ ವಾರಕ್ಕೊಮ್ಮೆ ಒಬ್ಬರ ಜೊತೆ ಸೆಷನ್ ಇರುವ ಹಾಗೆ, ವಾರಕ್ಕೊಮ್ಮೆ ಗ್ರೂಪ್ ಕೂಡ ಇರುತ್ತದೆ. ನಮ್ಮದು ಎರಡೂವರೆ ಗಂಟೆ. ಎಲ್ಲರೂ ಸುತ್ತ ಕೂತು ಅಳುತ್ತಾರೇನೋ ಎಂಬ ಭಯದಲ್ಲಿ ಹೋಗಿದ್ದೆ. ಅಲ್ಲಿ ಬೋರ್ಡ್ ಇತ್ತು, ಹಾಳೆಗಳಿದ್ದವು, ಹೋಂವರ್ಕ್ ಇತ್ತು. ಅದು ಪಾಠದ ಕ್ಲಾಸು. ನಾಲ್ಕು ದೊಡ್ಡ ಪಾಠಗಳು. ಈ ಕ್ಷಣವನ್ನು ಗಮನಿಸುವುದು, ಪರಿಸ್ಥಿತಿಯನ್ನು ಇನ್ನಷ್ಟು ಹಾಳುಮಾಡಿಕೊಳ್ಳದೆ ಸಂಕಟವನ್ನು ದಾಟುವುದು, ಭಾವನೆಗಳನ್ನು ಹದದಲ್ಲಿಡುವುದು, ಜನರ ಜೊತೆ ಮಾತಾಡುವುದು. ಇಡೀ ಪಾಠ ಮುಗಿಯಲು ಸುಮಾರು ಆರು ತಿಂಗಳು. ಆಮೇಲೆ ಅದನ್ನೇ ಮತ್ತೊಮ್ಮೆ. ಬೇರೆಯವರ ಕಥೆಗಳನ್ನು ನಾನು ಹೇಳುವುದಿಲ್ಲ, ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು. ನನ್ನ ಹಾಗೆಯೇ ‘ಅತಿ’ ಅನ್ನಿಸಿಕೊಂಡು ಬೆಳೆದವರು ಒಂದು ಕೋಣೆ ತುಂಬ ಇದ್ದರು ಎಂಬುದನ್ನಷ್ಟೇ ಹೇಳುತ್ತೇನೆ.

ನನ್ನನ್ನು ಉಳಿಸಿದ್ದು ಎರಡನೆಯ ಪಾಠದ ಒಂದು ಬೋಗುಣಿ ತಣ್ಣೀರು.

ಭಾವನೆ 5ಕ್ಕೆ ಏರಿದಾಗ ಯೋಚಿಸುವ ಉಪಾಯಗಳು ಕೆಲಸಕ್ಕೆ ಬರುವುದಿಲ್ಲ. ಆಗ ಮೊದಲು ಮೈಯನ್ನು ಇಳಿಸಬೇಕು. ಅಗಲವಾದ ಬೋಗುಣಿಯಲ್ಲಿ ತಣ್ಣನೆಯ ನೀರು ತುಂಬಿ, ಮುಂದಕ್ಕೆ ಬಾಗಿ, ಉಸಿರು ಹಿಡಿದು, ಕಣ್ಣು ಕೆನ್ನೆ ಮುಳುಗುವ ಹಾಗೆ ಮುಖವಿಟ್ಟು 30 ಸೆಕೆಂಡ್ ಇರುವುದು. ನೀರು ತಣ್ಣಗಿರಬೇಕು, 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಡ. ಉಸಿರು ಹಿಡಿದು ಮುಖ ತಣ್ಣೀರಿಗೆ ತಾಕಿದಾಗ, ನೀರಿನಲ್ಲಿ ಮುಳುಗುತ್ತಿದ್ದೇವೆ ಎಂದುಕೊಂಡು ದೇಹ ತಾನಾಗಿಯೇ ಹೃದಯದ ಬಡಿತ ನಿಧಾನ ಮಾಡುತ್ತದೆ. ಇದಕ್ಕೆ ನಂಬಿಕೆ ಬೇಕಿಲ್ಲ, ಮನಸ್ಸು ಒಪ್ಪಬೇಕಿಲ್ಲ. ದೇಹದಲ್ಲಿ ಇರುವ ವ್ಯವಸ್ಥೆ ಅದು. ಹೃದಯದ ತೊಂದರೆ ಇರುವವರು, ಬಡಿತ ಕಡಿಮೆ ಮಾಡುವ ಮಾತ್ರೆ ತಗೊಳ್ಳುವವರು, ಊಟ ಬಿಟ್ಟು ತೀರಾ ಸೊರಗಿದವರು ಡಾಕ್ಟರನ್ನು ಕೇಳದೆ ಮಾಡಬಾರದು. ಗ್ರೂಪಿನಲ್ಲಿ ಇದನ್ನು ಎರಡೆರಡು ಸಲ ಹೇಳಿದರು.

ಹೇಳಿದಾಗ ನನಗೆ ಸಿಟ್ಟೇ ಬಂದಿತ್ತು. ನಾನು ಒಳಗೆ ಬೇಯುತ್ತಿದ್ದೇನೆ, ಇವರು ಮುಖ ತೊಳ್ಕೋ ಅಂತಾರಲ್ಲ ಅನ್ನಿಸಿತ್ತು. ಮತ್ತೆ ಅದೇ, ನನ್ನ ನೋವು ಇವರಿಗೆ ಸಣ್ಣದು. ಎರಡು ವಾರ ಬೋಗುಣಿ ಮುಟ್ಟಲಿಲ್ಲ. ಮೂರನೇ ವಾರದ ಒಂದು ರಾತ್ರಿ, ಬೇರೆ ಏನೂ ಉಳಿದಿರಲಿಲ್ಲ. ಅಡುಗೆಮನೆಯ ದೀಪ ಹಾಕಿ, ನೀರು ತುಂಬಿ, ಒಂದಿಷ್ಟು ಐಸ್ ಹಾಕಿ ಮುಖ ಇಟ್ಟೆ. ಮೂಗಿನ ಬುಡ ಜುಮ್ ಅಂತು. ಎದ್ದೆ, ಉಸಿರಾಡಿದೆ, ಮತ್ತೆ ಇಟ್ಟೆ. ಮೂರನೇ ಸಲ ಎದ್ದಾಗ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಅಷ್ಟು ಹೊತ್ತು ಆ ಗಡಿಯಾರ ಅಲ್ಲೇ ಇತ್ತು. ನೋವು ಹೋಗಿರಲಿಲ್ಲ. 5 ಇದ್ದದ್ದು 3 ಆಗಿತ್ತು. 3ರಲ್ಲಿ ನಾನು ಯೋಚಿಸಬಲ್ಲೆ. ಅಲ್ಲೇ ನೆಲದ ಮೇಲೆ ಕೂತು, ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಬಿಡುವ ಉಸಿರು ಉದ್ದ ಇರಬೇಕು, ಅಷ್ಟೇ ಗುಟ್ಟು.

ಆಮೇಲೆ ನಾನು ಹೊತ್ತು ಅಳೆಯಲು ಶುರು ಮಾಡಿದೆ. ಅಲೆ ಏರಿದ ಕ್ಷಣದಿಂದ ಸ್ವಲ್ಪ ಇಳಿಯುವವರೆಗೆ ಎಷ್ಟು ನಿಮಿಷ? ಕಾರ್ಡ್‌ನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. 22, 35, 18, 40. ಜೀವಮಾನ ಪೂರ್ತಿ ಹೀಗೇ ಇರುತ್ತದೆ ಅನ್ನಿಸಿದ್ದಕ್ಕೆಲ್ಲ ಹೀಗೊಂದು ಅಂಕಿ ಸಿಕ್ಕಿತು. ಸಾಕ್ಷಿ ಹುಡುಕಲು ಹೋದ ದಿನ ಮಾತ್ರ ಅದು ಗಂಟೆಗಟ್ಟಲೆ.

ಒಂಬತ್ತನೇ ವಾರದಲ್ಲಿ ಬಿಟ್ಟುಬಿಡುತ್ತೇನೆ ಎಂದು ತೀರ್ಮಾನ ಮಾಡಿದ್ದೆ. ಸುಸ್ತಾಗಿತ್ತು. ದಿನಾ ಕಾರ್ಡ್ ತುಂಬಬೇಕು, ಹೋಂವರ್ಕ್ ಮಾಡಬೇಕು. ಅದೇ ವಾರ ಲಿನೆಹಾನ್ ಅವರ ಬಗ್ಗೆ ಓದಿದೆ. 1961ರಲ್ಲಿ, 17ನೇ ವಯಸ್ಸಿನಲ್ಲಿ, ಅವರನ್ನೇ ಹಾರ್ಟ್‌ಫರ್ಡ್ ಎಂಬ ಊರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. 26 ತಿಂಗಳು ಅಲ್ಲಿದ್ದರು. ತಮಗೆ ತಾವೇ ನೋವು ಮಾಡಿಕೊಳ್ಳುತ್ತಿದ್ದರು. ಇಲ್ಲಿಂದ ಹೊರಗೆ ಬಂದರೆ ಬೇರೆಯವರನ್ನೂ ಇದರಿಂದ ಹೊರಗೆ ತರುತ್ತೇನೆ ಎಂದು ಆಣೆ ಮಾಡಿಕೊಂಡಿದ್ದರಂತೆ. 2011ರಲ್ಲಿ ಅದೇ ಆಸ್ಪತ್ರೆಗೆ ವಾಪಸ್ ಹೋಗಿ, ಎಲ್ಲರೆದುರು ನಿಂತು, ಈ ಕಥೆಯನ್ನು ಮೊದಲ ಸಲ ಬಹಿರಂಗವಾಗಿ ಹೇಳಿದರು. ಓದಿ ತುಂಬಾ ಹೊತ್ತು ಅತ್ತೆ. ಬೋಗುಣಿಯ ಪಾಠವನ್ನು ನನಗೆ ಕೊಟ್ಟವರು ದಡದಲ್ಲಿ ನಿಂತು ನೋಡಿದವರಲ್ಲ, ಮುಳುಗಿ ಎದ್ದವರು. ಹತ್ತನೇ ವಾರದ ಕಾರ್ಡ್ ಪೂರ್ತಿ ತುಂಬಿದೆ.

ಫೋನ್ ಕೋಚಿಂಗ್ ಬಗ್ಗೆಯೂ ಹೇಳಬೇಕು. ಸೆಷನ್‌ಗಳ ನಡುವೆ ಕಷ್ಟ ಬಂದರೆ ಥೆರಪಿಸ್ಟ್‌ಗೆ ಫೋನ್ ಮಾಡಬಹುದು. ಹೃದಯ ಬಿಚ್ಚಿಡುವ ಮಾತಲ್ಲ ಅದು, ಐದು ಹತ್ತು ನಿಮಿಷದ ಮಾತು. “ಈಗ ಎಷ್ಟಿದೆ? ಏನು ಟ್ರೈ ಮಾಡಿದ್ರಿ? ಇನ್ನೇನು ಮಾಡಬಹುದು?” ನೋವು ಮಾಡಿಕೊಳ್ಳುವ ಮೊದಲು ಫೋನ್ ಮಾಡಬೇಕು, ಮಾಡಿಕೊಂಡ ಮೇಲಲ್ಲ. ಮಾಡಿಕೊಂಡರೆ ಮುಂದಿನ 24 ಗಂಟೆ ಆ ಕೋಚಿಂಗ್ ಇಲ್ಲ, ಜೀವಕ್ಕೆ ಅಪಾಯ ಇದೆಯಾ ಎಂದು ಮಾತ್ರ ನೋಡುತ್ತಾರೆ. ಈ ನಿಯಮ ಕೇಳಿದಾಗ ನನಗೆ ಕಲ್ಲು ಮನಸ್ಸಿನವರು ಅನ್ನಿಸಿತ್ತು. ಕಿರುಚಿ ಅತ್ತರೆ ಎಲ್ಲರೂ ಓಡಿ ಬರುತ್ತಾರೆ ಎಂದು ಕಲಿತಿದ್ದ ಹುಡುಗಿಗೆ, ಮೆಲ್ಲಗೆ ಕರೆದರೂ ಯಾರೋ ಬರುತ್ತಾರೆ ಎಂದು ತೋರಿಸಿದ್ದು ಈ ನಿಯಮವೇ. ಮೊದಲ ಸಲ ಬೇಗನೇ ಫೋನ್ ಮಾಡಿದ ದಿನ ಕಾರ್ಡ್‌ನಲ್ಲಿ ಒಂದು ಸಣ್ಣ ನಕ್ಷತ್ರ ಬರೆದಿದ್ದೇನೆ.

ಆ ಗೆಳತಿಯ ವಿಷಯ ಅರ್ಧಕ್ಕೆ ಬಿಟ್ಟೆ. ನಾಚಿಕೆ ಆದಾಗ ಅಡಗಿಕೊಳ್ಳಬೇಕು ಅನ್ನಿಸುತ್ತದೆ. ಸಿಟ್ಟು ಬಂದಾಗ ಮೇಲೆ ಬೀಳಬೇಕು, ಭಯವಾದಾಗ ಓಡಬೇಕು ಅನ್ನಿಸುತ್ತದೆ. ಭಾವನೆ ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ಮಾಡುವುದು ಮೂರನೇ ಪಾಠದ ಒಂದು ಉಪಾಯ. ಯಾವಾಗಲೂ ಅಲ್ಲ. ಭಯಕ್ಕೆ ನಿಜವಾದ ಕಾರಣ ಇದ್ದರೆ ಓಡಲೇಬೇಕು. ಮೊದಲು ನಿಜ ಏನು ಎಂದು ನೋಡಬೇಕು. ನಾನು ಕಳಿಸಿದ್ದು ತಪ್ಪು ಎಂಬುದು ನಿಜ. ಅದಕ್ಕಾಗಿ ನಾನು ಯಾರಿಗೂ ಮುಖ ತೋರಿಸಬಾರದು ಎಂಬುದು ನಿಜವಲ್ಲ. ಗ್ರೂಪಿನ ಹೋಂವರ್ಕ್ ಎಂದು ಬರೆದುಕೊಂಡು ಅವಳ ಮನೆ ಬಾಗಿಲಿಗೆ ಹೋದೆ. ತಲೆ ಎತ್ತಿ, ಅವಳ ಕಣ್ಣು ನೋಡಿ, “ಆ ದಿನ ನಾನು ಬರೆದದ್ದು ತಪ್ಪು. ನನಗೆ ಬೇಜಾರಾಗಿತ್ತು ಅನ್ನೋದೂ ನಿಜ” ಅಂದೆ. ಅವಳು ಒಳಗೆ ಕರೆದಳು. ಆ ಶನಿವಾರ ಅವಳ ಮಗಳಿಗೆ ಜ್ವರ ಇತ್ತಂತೆ. ನಾನು 23 ಮೆಸೇಜ್‌ನಲ್ಲಿ ಒಂದರಲ್ಲೂ ‘ಯಾಕೆ’ ಎಂದು ಕೇಳಿರಲಿಲ್ಲ. ಆ ಮಗಳಿಗೆ ಆಗ 11 ವರ್ಷ. ಹೋದ ವಾರ ಫೋನ್ ಬಂದದ್ದು ಅವಳಿಗಾಗಿಯೇ.

ಎಲ್ಲವೂ ಹೀಗೆ ಸರಿಹೋಗಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂಬ ಗಾದೆ ಇದೆಯಲ್ಲ. ಅಪ್ಪನ ಜೊತೆ ನಾನು ಕೊನೆಯ ಸಲ ಮಾತಾಡಿದ್ದು ಜಗಳದಲ್ಲಿ. ಯಾವುದೋ ಕಾಗದಕ್ಕೆ ಸಹಿ ಹಾಕುವ ವಿಷಯ. “ನಿಮ್ಮ ಹತ್ರ ಮಾತೇ ಬೇಡ” ಎಂದು ಫೋನ್ ಇಟ್ಟಿದ್ದೆ. ಎಂಟು ದಿನಕ್ಕೆ ಅಪ್ಪ ತೀರಿಕೊಂಡರು. ಇದು ಡಿಬಿಟಿಗೆ ಬರುವ ನಾಲ್ಕು ವರ್ಷ ಮೊದಲಿನ ಮಾತು. ಆ ನಾಲ್ಕು ವರ್ಷ ನಾನು ಒಂದೇ ವಾಕ್ಯದೊಳಗೆ ವಾಸ ಮಾಡಿದ್ದೆ. ‘ಹೀಗಾಗಬಾರದಿತ್ತು.’ ಬೆಳಿಗ್ಗೆ ಎದ್ದರೂ ಅದೇ, ರಾತ್ರಿ ಮಲಗಿದರೂ ಅದೇ.

ಇರುವುದನ್ನು ಪೂರ್ತಿಯಾಗಿ ಒಪ್ಪಿಕೊಳ್ಳುವ ಪಾಠ ಬಂದಾಗ ನಾನು ಎದ್ದು ಹೊರಗೆ ಹೋದೆ. ಒಪ್ಪುವುದು ಅಂದರೆ ಸರಿ ಅನ್ನುವುದಲ್ಲವೇ? ಅಲ್ಲ ಎಂದು ಅರ್ಥವಾಗಲು ತಿಂಗಳುಗಳೇ ಬೇಕಾದವು. ಒಪ್ಪುವುದು ಅಂದರೆ, ಆದದ್ದು ಆಯಿತು ಎಂಬುದರ ಜೊತೆ ಗುದ್ದಾಡುವುದನ್ನು ಬಿಡುವುದು. ಸರಿ ಆಯಿತು ಅನ್ನಬೇಕಿಲ್ಲ. ಮರೆಯಬೇಕಿಲ್ಲ. ಮೇಡಂ ನನಗೆ ಒಂದು ಅಭ್ಯಾಸ ಕೊಟ್ಟರು. ತೊಡೆಯ ಮೇಲೆ ಅಂಗೈ ಮೇಲ್ಮುಖ ಮಾಡಿ, ಬೆರಳು ಸಡಿಲ ಬಿಟ್ಟು ಕೂರುವುದು. ಕೂತು, ‘ಆಗಬಾರದಿತ್ತು’ ಬಂದಾಗಲೆಲ್ಲ ಮೆಲ್ಲಗೆ ‘ಆಯಿತು’ ಅನ್ನುವುದು. ಒಂದೇ ಕ್ರಿಯಾಪದ, ರೂಪ ಬೇರೆ. ‘ಆಗಬಾರದಿತ್ತು’ ಅಂದಾಗ ಮುಷ್ಟಿ ತಾನಾಗಿ ಬಿಗಿಯುತ್ತಿತ್ತು. ‘ಆಯಿತು’ ಅಂದಾಗ ಅಳು ಬರುತ್ತಿತ್ತು. ಆ ನಾಲ್ಕು ವರ್ಷ ನಾನು ಅಪ್ಪನಿಗಾಗಿ ಅತ್ತೇ ಇರಲಿಲ್ಲ, ಬರೀ ಉರಿದಿದ್ದೆ. 31ನೇ ಕಾರ್ಡ್‌ನಲ್ಲಿ ದುಃಖದ ಕಾಲಂ ಪೂರ್ತಿ 5, ನೋವು ಮಾಡಿಕೊಳ್ಳುವ ಕಾಲಂ ಪೂರ್ತಿ 0. ಮೇಡಂ ಅದನ್ನು ನೋಡಿ ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ನನ್ನ ಗೆಳತಿಗೆ ಕೆಲವು ಪ್ರಾಯೋಗಿಕ ಮಾತು. ಡಿಬಿಟಿ ಎಂದು ಬೋರ್ಡ್ ಹಾಕಿದ ಎಲ್ಲ ಕಡೆಯೂ ಪೂರ್ತಿ ಡಿಬಿಟಿ ಇರುವುದಿಲ್ಲ. ಒಬ್ಬರ ಜೊತೆ ಸೆಷನ್, ಗ್ರೂಪ್, ಫೋನ್ ಕೋಚಿಂಗ್, ಜೊತೆಗೆ ಥೆರಪಿಸ್ಟ್‌ಗಳೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ವಾರದ ಮೀಟಿಂಗ್, ಈ ನಾಲ್ಕೂ ಇದೆಯಾ ಎಂದು ಕೇಳು. ಗ್ರೂಪ್ ಮಾತ್ರ ಸಿಕ್ಕರೂ ಬಿಡಬೇಡ, ಆ ಪಾಠಗಳಿಗೇ ಒಳ್ಳೆಯ ಬಲವಿದೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹದಿಹರೆಯದವರಿಗಾಗಿ ಅಲೆಕ್ ಮಿಲ್ಲರ್ ಮತ್ತು ಜಿಲ್ ರಾಥಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಹೊಂದಿಸಿದ್ದಾರೆ. ಅದರಲ್ಲಿ ಅಪ್ಪ ಅಮ್ಮನೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ಮಗಳನ್ನು ಬಿಟ್ಟು ಬರುವ ಕ್ಲಾಸಲ್ಲ ಅದು, ನೀನೂ ಹೋಗಬೇಕು. ಇನ್ನೊಂದು, ಅವಳು ಯಾವತ್ತಾದರೂ ಸಾಯುವ ಮಾತಾಡಿದರೆ ಕ್ಲಾಸ್ ಶುರುವಾಗಲಿ ಎಂದು ಕಾಯಬೇಡ. ನೇರವಾಗಿ ಕೇಳು, ಒಂಟಿಯಾಗಿ ಬಿಡಬೇಡ, ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಇದನ್ನು ಓದುತ್ತಿರುವ ಯಾರಿಗಾದರೂ ಈಗ ಹಾಗೆ ಅನ್ನಿಸುತ್ತಿದ್ದರೆ, ಓದುವುದನ್ನು ಇಲ್ಲಿಗೇ ಬಿಟ್ಟು ಪಕ್ಕದಲ್ಲಿರುವವರಿಗೆ ಹೇಳಿ. ದಯವಿಟ್ಟು.

ನನ್ನ ಅಮ್ಮನಿಗೆ ಕ್ಲಾಸ್ ಇರಲಿಲ್ಲ. ನಾನೇ ಕಲಿಸಿದೆ, ಕಲಿಸುತ್ತಾ ಎಷ್ಟೋ ಸಲ ಜಗಳ ಆಡಿದೆ. ಜನರ ಜೊತೆ ಮಾತಾಡುವ ಪಾಠದಲ್ಲಿ ಕೇಳುವುದು ಹೇಗೆ ಎಂದು ಹಂತ ಹಂತವಾಗಿ ಹೇಳಿಕೊಡುತ್ತಾರೆ. ಆದದ್ದನ್ನು ಆದ ಹಾಗೆ ಹೇಳು, ನಿನಗೆ ಏನು ಅನ್ನಿಸಿತು ಹೇಳು, ಬೇಕಾದದ್ದನ್ನು ನೇರವಾಗಿ ಕೇಳು, ಕೊಟ್ಟರೆ ಅವರಿಗೇನು ಒಳ್ಳೆಯದು ಎಂದೂ ಹೇಳು. ಹಾಳೆಯ ಮೇಲೆ ಬರೆದುಕೊಂಡು, ಕನ್ನಡಿ ಮುಂದೆ ನಾಲ್ಕು ಸಲ ಹೇಳಿ, ಐದನೇ ಸಲ ಅಮ್ಮನಿಗೆ ಹೇಳಿದೆ. “ಅಮ್ಮ, ನಾನು ಅತ್ತಾಗ ‘ಇಷ್ಟಕ್ಕೆಲ್ಲ ಅಳ್ತಾರಾ’ ಅಂತೀಯ. ಆಗ ನಂಗೆ ಇನ್ನೂ ಒಂಟಿ ಅನ್ಸುತ್ತೆ. ‘ಬೇಜಾರಾಗಿದೆ ಅಲ್ವಾ’ ಅಂತ ಒಂದೇ ಮಾತು ಅನ್ನು. ನೀನು ಒಪ್ಪಬೇಕಾಗಿಲ್ಲ. ಹಾಗಂದ್ರೆ ನಾನು ಬೇಗ ಸುಧಾರಿಸ್ಕೋತೀನಿ, ಜಗಳ ಕಮ್ಮಿ ಆಗುತ್ತೆ.” ಅಮ್ಮ ಸೆರಗಿನ ಅಂಚು ಬೆರಳಿಗೆ ಸುತ್ತುತ್ತಾ ಕೂತಿದ್ದಳು. “ನೀನು ಅತ್ರೆ ನಂಗೆ ಕೈಕಾಲೇ ಆಡ್ತಿರ್ಲಿಲ್ಲ. ಹೆಂಗಾದ್ರೂ ನಿಲ್ಲಿಸಬೇಕು ಅಂತ ಹಂಗಂತಿದ್ದೆ” ಅಂದಳು. ಮೂವತ್ತು ವರ್ಷದಲ್ಲಿ ಅಮ್ಮ ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಈಗಲೂ ಅವಳ ಬಾಯಲ್ಲಿ ಮೊದಲು ಬರುವುದು ಹಳೆಯ ಮಾತೇ. “ಇಷ್ಟಕ್ಕೆಲ್ಲ...” ಎಂದು ಶುರು ಮಾಡಿ, ನಿಲ್ಲಿಸಿ, “ಬೇಜಾರಾಗಿದೆ ಅಲ್ವಾ” ಅನ್ನುತ್ತಾಳೆ. ಹೋದ ತಿಂಗಳು ಒಂದು ರಾತ್ರಿ ನಾನು ಬೋಗುಣಿಯಿಂದ ಮುಖ ಎತ್ತಿದಾಗ ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. “ಇನ್ನೊಂದು ಸಲ ಮುಳುಗಿಸ್ತೀಯಾ, ಒರೆಸ್ಲಾ?” ಎಂದು ಕೇಳಿದಳು.

ನೆಲದ ಮೇಲೆ ಹರಡಿದ್ದ ಕಾರ್ಡ್‌ಗಳನ್ನು ಈಗ ಜೋಡಿಸುತ್ತಿದ್ದೇನೆ. ಕೊನೆಯದರಲ್ಲಿ ಸೊನ್ನೆಗಳೇನೂ ತುಂಬಿಲ್ಲ. ಬುಧವಾರದ ಸಾಲಿನಲ್ಲಿ ಸಿಟ್ಟು 4, ಅದೇ ಸಾಲಿನಲ್ಲಿ ಖುಷಿ 3. ನಾಳೆ ಸಂಜೆ ಐದಕ್ಕೆ ಗೆಳತಿ ಮಗಳನ್ನು ಕರೆದುಕೊಂಡು ಬರುತ್ತಾಳೆ. ಆ ಹುಡುಗಿ ಕಾರ್ಡ್ ಹೇಗಿರುತ್ತದೆ ನೋಡಬೇಕು ಎಂದಿದ್ದಾಳಂತೆ. ಕಾಗದ ತೂತಾದ ಆ ಮೊದಲನೆಯದನ್ನು ಕಟ್ಟಿನ ಮೇಲೆ ಇಟ್ಟಿದ್ದೇನೆ.